ವಾರ್ಡು ಆರು, ಉತ್ತರದ ಗೋಡೆ

ಟೆಂಡರಿನಲ್ಲಿ ನಮ್ಮದೇ ಎಲ್ಲರಿಗಿಂತ ಕಡಿಮೆ ರೇಟು,
ಹದಿನೆಂಟೂವರೆ ಪರ್ಸೆಂಟು ಬಿಲೋ.
ಸಿಕ್ಕ ದಿನ ಮನೆಯವರು ಪೇಢೆ ತಂದರು;
ನಾನು ಇನ್ನೊಮ್ಮೆ ಲೆಕ್ಕ ಹಾಕಿ
ಒಂದನ್ನೂ ತಿನ್ನಲಿಲ್ಲ.

ಖಡಕಿಯ ಮಿಲಿಟರಿ ಆಸ್ಪತ್ರೆ. ಬ್ರಿಟಿಷರ ಕಾಲದ ಕಲ್ಲು,
ನಮ್ಮ ಕಾಲದ ಸೋರಿಕೆ.
ದಿನಾ ಗೇಟಿನಲ್ಲಿ ಹನ್ನೊಂದು ಜನರ ಪಾಸು,
ಹನ್ನೊಂದು ಆಧಾರು, ಮೊಬೈಲೆಲ್ಲ ಒಂದು ತಗಡಿನ ಡಬ್ಬಿಗೆ.
ಭೀಮಶ್ಯಾನ ಪುಟ್ಟಿ ಬ್ಲೇಡನ್ನು ಸಂತ್ರಿ
ಹಿಂದೆ ಮುಂದೆ ತಿರುವಿ ನೋಡುತ್ತಾನೆ.
ಚಾಕು ಅಲ್ಲಪ್ಪಾ ಅಂತ ಮರಾಠಿಯಲ್ಲಿ ಹೇಳಿ, ಹಿಂದಿಯಲ್ಲಿ ಹೇಳಿ,
ಕೊನೆಗೆ ಅವನು ಗೋಕಾಕ ಕಡೆಯವನೆಂದು ಗೊತ್ತಾಗಿ
ಕನ್ನಡದಲ್ಲೇ ಹೇಳಿದೆ.
"ಗೊತ್ತೈತಿ ಅಕ್ಕಾ, ಆದ್ರೂ ನೋಡಬೇಕು."

ಐಟಂ ಹದಿನಾಲ್ಕು: ಹಳೆಯ ಡಿಸ್ಟೆಂಪರು ಕೆರೆಯುವುದು,
ಉಪ್ಪುಕಾಗದ ಉಜ್ಜುವುದು, ಪ್ರೈಮರು ಒಂದು ಕೋಟು,
ಬಣ್ಣ ಎರಡು ಕೋಟು, ಕಸ ಹೊರಗೆ ಸಾಗಿಸುವುದೂ ಸೇರಿ,
ಎಂಜಿನಿಯರ್ ಸಾಹೇಬರಿಗೆ ತೃಪ್ತಿಯಾಗುವ ಹಾಗೆ.
ಮಲಗಿದವರ ತೃಪ್ತಿಗೆ ಐಟಂ ಇಲ್ಲ.

ಮಂಚ ನಾವು ಮುಟ್ಟುವ ಹಾಗಿಲ್ಲ. ಸಿಸ್ಟರು ಹೇಳಿದಾಗ
ವಾರ್ಡ್‌ಬಾಯ್‌ಗಳು ಸರಿಸುತ್ತಾರೆ, ಅದೂ ಊಟ ಮುಗಿದ ಮೇಲೆ.
ಬೆನ್ನುಹುರಿಗೆ ಪೆಟ್ಟಾದವರಿಗೆ ಧೂಳು ಬೇಡ, ಸದ್ದು ಬೇಡ,
ಟರ್ಪೆಂಟೈನಿನ ವಾಸನೆ ಬೇಡ.
ಆರು ದಿನದ ಕೆಲಸ ಇಪ್ಪತ್ತಕ್ಕೆ ಎಳೆಯಿತು.
ತಡವಾದ ವಾರ ವಾರಕ್ಕೂ ದಂಡ ಬೇರೆ.

ಒಂಬತ್ತನೇ ಮಂಚ ಸರಿದ ಮೇಲೆ
ಭೀಮಶ್ಯಾನ ಬ್ಲೇಡಿನ ಸದ್ದು ನಿಂತಿತು.
"ಅಕ್ಕಾ, ಇಲ್ಲಿ ಯಾರೋ ಹಾಜರಿ ಹಾಕ್ಯಾರ ನೋಡ್ರಿ."

ಪೆನ್ಸಿಲ್ಲಿನ ಗೆರೆಗಳು, ಹಾಸಿಗೆಯ ಮಟ್ಟದಿಂದ ಮೇಲಕ್ಕೆ,
ಪಕ್ಕದಲ್ಲಿ ತಾರೀಖು.
ಮೊದಲಿನ ನಾಲ್ಕು ಒಂದರ ಮೇಲೊಂದು, ಒಂದೇ ಗೆರೆಯ ಹಾಗೆ.
ಆಮೇಲೆ ಬೆರಳಗಲ. ಆಮೇಲೆ ಎರಡು ಬೆರಳು.
ದೀಪಾವಳಿ ಸುಮಾರಿಗೆ ಗೇಣು.
ಜನವರಿಯಲ್ಲಿ ಮತ್ತೆ ಕೆಳಕ್ಕೆ, ಜ್ವರ ಬಂದಿತ್ತೇನೋ.
ಮಾರ್ಚ್ ಹತ್ತೊಂಬತ್ತರದು ಎಲ್ಲಕ್ಕಿಂತ ಮೇಲೆ,
ಸ್ವಿಚ್ಚಿಗೆ ನಾಲ್ಕು ಬೆರಳು ಕಡಿಮೆ.
ಅದರ ಮೇಲೆ ಬರೀ ಗೋಡೆ.

ಮೇಜರ್ ಏಲಿಯಮ್ಮ ಬಂದು ಕನ್ನಡಕ ಏರಿಸಿ ನೋಡಿದರು.
ಬಲಗೈ, ಅಂದರು. ಎಷ್ಟೆತ್ತರ ಏಳುತ್ತದೆಂದು
ನಾನೇ ಗುರುತು ಹಾಕುತ್ತಿದ್ದೆ.
ಫ್ಯಾನು ತಾನೇ ಹಾಕಿಕೊಳ್ಳಬೇಕೆಂದು ಅವನ ಹಟ.
ಆಮೇಲೆ? ಎಂದೆ.
ಅವರು ಹದಿಮೂರನೇ ಮಂಚದ ಡ್ರಿಪ್ಪು ನೋಡಲು ಹೋದರು.

ಸುತ್ತಲೂ ಟೇಪು ಹಚ್ಚಿ ಅಷ್ಟನ್ನು ಬಿಡು ಎಂದೆ.
ಭೀಮಶ್ಯಾ ಬಿಟ್ಟ, ಯಾಕೆ ಅಂತ ಕೇಳಲಿಲ್ಲ.

ಶುಕ್ರವಾರ ಅಳತೆಗೆ ಜೆ.ಇ. ಪೇಂಡಸೆ.
ಹೋದ ವರ್ಷ ನನ್ನ ಬಿಲ್ಲಿನಲ್ಲಿ
ಕಿಟಕಿಯ ಸರಳಿನ ದಪ್ಪವನ್ನೂ ಕಳೆದಿದ್ದ ಮನುಷ್ಯ.
ಇದೇನು ಇಲ್ಲಿ, ಎಂದು ಟೇಪು ಹಿಡಿದ.
ಅಗಲ ನಲವತ್ತು ಸೆಂಟಿಮೀಟರು, ಎತ್ತರ ತೊಂಬತ್ತು.
ನಾನು ಬೈಗುಳಕ್ಕೆ ಸಿದ್ಧಳಾಗಿ ನಿಂತೆ.
ಅವನು ಬಗ್ಗಿ ಕೆಳಗಿನಿಂದ ಓದತೊಡಗಿದ,
ತುಟಿ ಅಲ್ಲಾಡುತ್ತಿತ್ತು.
ಜನವರಿಯ ಹತ್ತಿರ ಸ್ವಲ್ಪ ಹೊತ್ತು ನಿಂತ.

ಆಮೇಲೆ ರೋಗಿಯ ಸ್ಟೂಲಿನ ಮೇಲೆ ಕೂತು,
ಅಳತೆ ಪುಸ್ತಕ ತೊಡೆಗೆ ಆನಿಸಿಕೊಂಡು ಬರೆದ:
ಉತ್ತರದ ಗೋಡೆ, ಒಂಬತ್ತು ಅರವತ್ತು ಗುಣಿಲೆ ಮೂರು ಎಪ್ಪತ್ತು.
ಕಡಿತ, ಇಲ್ಲ.
"ಅರ್ಧ ಚದರ ಮೀಟರಿನ ಒಳಗಿನ ಖಾಲಿ ಕಳೆಯುವ ಹಾಗಿಲ್ಲ ಬಾಯಿ.
ನಿಯಮ. ಗೋಡೆ ಪೂರ್ತಿ ಅಂತಲೇ ಲೆಕ್ಕ."
ಮುಖ ಎತ್ತದೆ ಹೇಳಿದ, ನಿಯಮದ ನಂಬರು ಸಮೇತ.
ನಾನು ಸಹಿ ಹಾಕಿದೆ.

ಸ್ವಿಚ್ಚು ನಾಲ್ಕು ಬೆರಳು ಕೆಳಗಿಳಿಸೋಣವೇ ಎಂದು ಕೇಳಿದ್ದಕ್ಕೆ
ಅದು ಇಲೆಕ್ಟ್ರಿಕಲ್ಲು, ಬೇರೆ ಟೆಂಡರು, ಎಂದ.
ಹಿಡಿದವನು ಭೋಸರಿಯ ಯಾರೋ ಘಾಟಪಾಂಡೆ.
ನಂಬರು ಕೊಟ್ಟ.
ಮೊಬೈಲು ಗೇಟಿನ ಡಬ್ಬಿಯಲ್ಲಿತ್ತು;
ಅಂಗೈ ಮೇಲೆ ಬರೆದುಕೊಂಡು
ಸಂಜೆವರೆಗೂ ಆ ಕೈ ತೊಳೆಯಲಿಲ್ಲ.