ಕುದುರೆಗೆ ಆ ಹಕ್ಕಿಲ್ಲ

ಗುರುವಾರ ಸಂಜೆ, ಹನ್ನೊಂದನೆಯ ಕಟ್ಟಡದ ನೆಲಮಾಳಿಗೆ.
ಬಿಸಿನೀರಿನ ಕೊಳವೆ ಹಾಯುವ ಗೋಡೆಗೆ ಬೆನ್ನು ಕೊಟ್ಟು
ನಾವು ನಾಲ್ವರು.
ಹೊರಗೆ ಮೈನಸ್ ಮೂವತ್ತೊಂದು. ಉಲಾನ್‌ಬಾತರಿನ ಕಲ್ಲಿದ್ದಲ ಹೊಗೆ
ನಮ್ಮ ಹಿಂದೆಯೇ ಮೆಟ್ಟಿಲಿಳಿದು ಬಂದು
ಕೋಟುಗಳ ಪಕ್ಕದ ಮೊಳೆಗೆ ತಾನೂ ನೇತುಬೀಳುತ್ತದೆ.

ನ್ಯಾಮ್‌ಸುರೇನ್ ಅಜ್ಜ ಗಂಟು ಬಿಚ್ಚುತ್ತಾನೆ.
ಅವನ ದಂಡಿನಲ್ಲಿ ಆನೆಯಿಲ್ಲ, ಬಂಡಿಯಿದೆ.
ಮಂತ್ರಿಯಿಲ್ಲ, ಹಲ್ಲು ಕಿಸಿದ ಒಂದು ಮೃಗವಿದೆ,
ಹುಲಿಯೋ ನಾಯಿಯೋ ಕೆತ್ತಿದವನಿಗೇ ಗೊತ್ತಿಲ್ಲ.
ಕೆತ್ತಿದವನು ಅವನೇ.
ಒಂಟೆ ನಾಲ್ಕು ಬೇಕು, ಮೂರಿವೆ.
ನಾಲ್ಕನೆಯದು ಒಂದು ಸತ್ತ ಬ್ಯಾಟರಿ;
ಮುಟ್ಟಿದರೆ ಓರೆಯಾಗಿಯೇ ಉರುಳುತ್ತದೆ,
ಪಾಪ, ನಿಯಮ ಬಲ್ಲದು.

ದುಲ್ಗೂನನಿಗೆ ಹದಿನೇಳು.
ರಾತ್ರಿಯಿಡೀ ಕಂಪ್ಯೂಟರ್ ಆಟದಂಗಡಿಯಲ್ಲಿ
ಗಂಟೆಗಿಷ್ಟು ಅಂತ ತೆತ್ತು ಯಾರದೋ ಕೋಟೆ ಕಾದು ಬಂದಿದ್ದಾನೆ.
"ನಲವತ್ತು ಸಲ ಸತ್ತೆ. ಕುದುರೆ ಹತ್ತೊಂಬತ್ತು ಸಲ.
ಶಿಳ್ಳೆ ಹೊಡೆದರೆ ಮತ್ತೆ ಬರುತ್ತೆ."
"ಅದೇ ಕುದುರೆಯೋ?"
"ಅದೇ ಬಣ್ಣ."
"ನಾನು ಕೇಳಿದ್ದು ಬಣ್ಣವಲ್ಲ," ಅಂದ ಅಜ್ಜ.

ಸರಂಚಿಮೆಗ್ ಹಲ್ಲಿನ ಡಾಕ್ಟರು.
ಜರ್ಮನಿಯಿಂದ ಪೆಟ್ಟಿಗೆ ತರಿಸುತ್ತಾಳೆ, ನಾಲ್ಕು ಕಿಲೋ ತೂಕದ್ದು:
ಬಂದರು, ಗೋದಾಮು, ಮರದ ಪುಟ್ಟ ಕುರಿಗಳು,
ಇಪ್ಪತ್ತೆಂಟು ಪುಟದ ನಿಯಮ.
ಎರಡು ಕುರಿ ಕೊಟ್ಟರೆ ಒಂದು ಇಟ್ಟಿಗೆ ಎಂದು ಓದಿದ ದಿನ
ಅಜ್ಜ ಎದ್ದು ನಿಂತ, ಟೋಪಿ ತೆಗೆದ,
ಆ ದೇಶಕ್ಕೆ ಒಂದು ನಿಮಿಷ ಮೌನ ಆಚರಿಸಿದ.

ನನಗೆ ಮಾತ್ರ ಹತ್ತು ಮನೆ ಅಗಲದ ದೊಡ್ಡ ಹಲಗೆ ಇಷ್ಟ.
ಅಲ್ಲಿ ಒಬ್ಬ ಅಂಗರಕ್ಷಕನಿದ್ದಾನೆ.
ಅವನ ಸುತ್ತಲ ಎಂಟು ಮನೆಗಳಲ್ಲಿ ಯಾವ ಬಂಡಿಯೂ ದೌಡಾಯಿಸುವಂತಿಲ್ಲ,
ಇಳಿದು ನಡೆಯಬೇಕು.
"ನಮ್ಮಾಟದಲ್ಲಿ ಹಿಮದ ಮಾಟಗಾತಿಗೆ ಇದೇ ಶಕ್ತಿ," ಅಂದ ಹುಡುಗ.
"ನಮ್ಮ ಕ್ಲಿನಿಕ್ಕಿನ ಬಾಗಿಲಲ್ಲಿ ಕೂರುವವಳಿಗೂ," ಅಂದಳು ಡಾಕ್ಟರು.
ನಾನು ಉಷ್ಣಸ್ಥಾವರದ ಗೇಟಿನ ಪಾಳಿಯವನು.
ಏನೂ ಅನ್ನಲಿಲ್ಲ.

ಇವತ್ತು ಹುಡುಗ ಗೆದ್ದೇ ಬಿಟ್ಟಿದ್ದ.
ಕುದುರೆಯನ್ನೆತ್ತಿ, ಗಾಳಿಯಲ್ಲಿ ಒಂದು ಕ್ಷಣ ಮೆರೆಸಿ, ಕುಕ್ಕಿದ:
ರಾಜನಿಗೆ ಉಸಿರಾಡಲು ಒಂದು ಮನೆಯಿಲ್ಲ.
ಅಜ್ಜ ಎರಡು ಬೆರಳಲ್ಲಿ ಅದನ್ನು ಹಿಂದಕ್ಕಿಟ್ಟ.
"ಕುದುರೆ ಹೆದರಿಸಬಹುದು. ಕೊಲ್ಲಬಾರದು."
"ಯಾಕೆ?"
"ಅಪ್ಪ ಹೇಳಿದ್ದು: ಮನೆಗೆ ಮುಟ್ಟಿಸಿದ ಪ್ರಾಣಿಯ ಕೈಗೆ ಕತ್ತಿ ಕೊಡಬಾರದು.
ಮಾವ ಹೇಳಿದ್ದು: ಯಾವನೋ ಸಿರಿವಂತ ಕುದುರೆಯಿಂದ ಸೋತ ಸಿಟ್ಟಿಗೆ ಈ ಕಟ್ಟಳೆ ತಂದ.
ಯಾವುದು ಬೇಕೋ ಆರಿಸಿಕೋ."
"ಇದು ನಿಯಮವಲ್ಲಜ್ಜ, ಬಗ್ಗು. ಯಾರೂ ತಿದ್ದಿಲ್ಲ ಅಷ್ಟೇ."
"ಸರಿ, ನೀನು ತಿದ್ದು. ಮೊದಲು ಆಡು."

ಆಡಿದ. ರೋಷಕ್ಕೆ ಬಿದ್ದು ಆಡಿದ.
ಬಂಡಿ ತಿಂದ, ಮೃಗ ತಿಂದ,
ಕಾಲಾಳುಗಳನ್ನು ಕಡಲೆಯಂತೆ ಒಂದೊಂದೇ ಮುಕ್ಕಿದ,
ಕೊನೆಗೆ ಆ ಬ್ಯಾಟರಿಯನ್ನೂ.
ಒಂಟೆ ಹೋದ ಮೇಲೆ ಹಲಗೆಯ ಆ ಬದಿಯಲ್ಲಿ
ಒಂಟಿ ರಾಜ.

ಸರಂಚಿಮೆಗ್ ಚಹಾ ಹೀರುತ್ತಿದ್ದವಳು ನಿಲ್ಲಿಸಿ ನಕ್ಕಳು.
ಅವಳಿಗೆ ಗೊತ್ತಾಗಿತ್ತು.
"ಎಲ್ಲ ಕಳಕೊಂಡವನನ್ನು ಸೋಲಿಸೋಕಾಗಲ್ಲ ಮಗು,"
ಅಜ್ಜ ಹಲಗೆ ಮಡಚತೊಡಗಿದ, "ಸಮ."

ಹುಡುಗ ಬೈದ. ಬೈಗುಳ ಚೆನ್ನಾಗಿತ್ತು, ಇಲ್ಲಿ ಬರೆಯಲಾರೆ.
ಆಮೇಲೆ ಕುದುರೆಯನ್ನು ಅಂಗೈಯಲ್ಲಿಟ್ಟು
ಅದರ ಕಿವಿ ಯಾಕೆ ಸವೆದಿದೆ ಅಂತ ಕೇಳಿದ.
ಅಜ್ಜನಿಗೆ ಕೇಳಿಸಲಿಲ್ಲ, ಅಥವಾ ಕೇಳಿಸಿತು.

ನನಗೆ ಪಾಳಿಗೆ ಹೊತ್ತಾಗಿತ್ತು, ಅವನಿಗೆ ಮನೆಗೆ.
ನಿಲ್ದಾಣದಲ್ಲಿ ಕೈ ಕಾಣದಷ್ಟು ಹೊಗೆ.
ದುಲ್ಗೂನ್ ಮಫ್ಲರ್ ಸರಿಸಿ ಒಮ್ಮೆ ಶಿಳ್ಳೆ ಹಾಕಿದ.
ಏನೂ ಬರಲಿಲ್ಲ.
ಎಷ್ಟೋ ಹೊತ್ತಿನ ಮೇಲೆ, ಒಂದೇ ದೀಪ ಉರಿಸಿಕೊಂಡು,
ಬಸ್ಸು.
"ನಮ್ಮದೇ ಬಸ್ಸೇನೋ?" ಅಂದೆ.
"ಅದೇ ಬಣ್ಣ," ಅಂದ, ಹತ್ತಿದ.