ನಾಲ್ಕೂ ಹತ್ತರ ಬಿಸಿಲು

ನಾಹೂರಿನ ಈ ಮೂರನೇ ಮಾಳಿಗೆಗೆ
ಬಿಸಿಲು ಬರುವುದು ದಿನಕ್ಕೊಮ್ಮೆ, ನಾಲ್ಕೂ ಹತ್ತಕ್ಕೆ,
ಎದುರಿನ ಎರಡು ಟವರುಗಳ ಸಂದಿಯಿಂದ.
ವರ್ಗಣಿ ಕೇಳಲು ಬಂದವರ ಹಾಗೆ ಒಳಗೆ ಇಣುಕಿ
ಹೊಲಿಗೆ ಮಶೀನಿನ ಮೇಲೆ ತುಸು ಕೂತು
ಕಾಲು ಗಂಟೆಗೆ ಎದ್ದುಹೋಗುತ್ತದೆ.

ಅಷ್ಟರಲ್ಲಿ ಮುಗಿಸಬೇಕು.

ಬಾಗಿಲಿಗೆ ಚಿಲಕ.
ಅಕ್ಕಿ ಡಬ್ಬಿಗೆ ಒರಗಿಸಿ ಫೋನು, ಜಾರದಂತೆ ಮುಂದೆ
ನೂಲಿನ ಎರಡು ರೀಲು: ಒಂದು ರಾಣಿ ಬಣ್ಣ, ಒಂದು ಮೆಂತ್ಯ.
ಸೆರಗಿನ ತುದಿಯಲ್ಲಿ ಲೆನ್ಸು ಒರೆಸಿದೆ.
ಸಹಕಾರಿ ಬ್ಯಾಂಕಿನ ಕ್ಯಾಲೆಂಡರಿನ ಲಕ್ಷ್ಮಿಯನ್ನು
‘ಒಂದು ಗಳಿಗೆ, ಅಮ್ಮಾ’ ಎಂದು ಗೋಡೆಗೆ ತಿರುಗಿಸಿದೆ.
ಬೆನ್ನ ಮೇಲೆ ಅವಳಿಗೆ ಠೇವಣಿಯ ಬಡ್ಡಿದರ.

ಹೀಗೆ ಶುರುವಾಯಿತು:
ಮದುವೆಗೆ ನಿಂತ ಮೃಣ್ಮಯಿ ಗಾಯಕ್‌ವಾಡ್
ಬೆನ್ನಿನ ಡಿಸೈನು ತೋರಿಸಲು ಫೋನು ಚಾಚಿದಳು,
ಬೆರಳು ಜಾರಿ ಮುಂದಿನ ಚಿತ್ರ ಬಂತು.
ಅವಳೇ. ಕಿಟಕಿ, ಒದ್ದೆ ಕೂದಲು, ಒಂದು ಬರಿಯ ಹೆಗಲು.
ಸೆಳೆದುಕೊಂಡಳು. ಕಿವಿ ಕೆಂಪು.
‘ಯಾರಿಗೆ?’ ಎಂದೆ.
‘ನನಗೇ, ಆಂಟಿ.’
ನಾನೇನೂ ಹೇಳಲಿಲ್ಲ, ಒಂದು ಹುಕ್ಕು ಜಾಸ್ತಿ ಹಾಕುತ್ತೇನೆ ಅಂದೆ.

ಮೂವತ್ತು ವರ್ಷ ಹೆಂಗಸರ ಮೈ ಅಳೆದಿದ್ದೇನೆ.
ಕೊರಳಲ್ಲಿ ಟೇಪು ತೂಗಿಸಿಕೊಂಡವಳ ಎದುರು
ಯಾರೂ ನಾಚುವುದಿಲ್ಲ, ಗೋಡೆಯ ಎದುರು ನಾಚದ ಹಾಗೆ.
ಯಾರ ಎರಡು ಹೆಗಲೂ ಸಮ ಇರುವುದಿಲ್ಲ,
ಪ್ರತಿಯೊಬ್ಬಳಿಗೂ ತನ್ನದು ಮಾತ್ರ ಹೀಗೆ ಎಂಬ ಗುಟ್ಟು.
‘ಉಸಿರು ಹಿಡಿಯಬೇಡಿ ತಾಈ’ ಅನ್ನುತ್ತೇನೆ,
‘ಹಿಡಿದ ಉಸಿರಿಗೆ ಹೊಲಿದ ರವಿಕೆ
ಊಟಕ್ಕೆ ಕೂತಾಗ ಬಿಚ್ಚಿಕೊಳ್ಳುತ್ತದೆ.’

ಹತ್ತು ಸೆಕೆಂಡಿನ ಟೈಮರು.
ಮೊದಲನೆಯದರಲ್ಲಿ ರೇಷನ್ ಕಾರ್ಡಿನ ಮುಖ.
ಎರಡನೆಯದರಲ್ಲಿ ಮೊಣಕೈ ಮಾತ್ರ.
ಮೂರನೆಯದಕ್ಕೆ ಸ್ಲೋ ಲೋಕಲ್ ಹಾದು
ಅಕ್ಕಿಯೂ ನಡುಗಿತು, ನಾನೂ.

ಆಮೇಲೆ ಗಿರಾಕಿಗೆ ಹೇಳುವಂತೆ ನನಗೇ ಹೇಳಿಕೊಂಡೆ:
ನೇರ ನಿಲ್ಲಬೇಡ ವಾರಿಜಾ, ಓರೆಯಾಗು.
ಭಾರ ಒಂದು ಕಾಲಿಗೆ ಬಿಡು. ಗಲ್ಲ ಕಿಟಕಿಯ ಕಡೆಗೆ.
ಹೊಟ್ಟೆ ಒಳಗೆಳೆಯಬೇಡ, ಅದು ಇಬ್ಬರನ್ನು ಹೊತ್ತಿದೆ,
ಅದಕ್ಕೂ ಬಿಸಿಲು ಬೀಳಲಿ.

ಮೈಮೇಲೆ ಇದ್ದದ್ದು, ನಿಜ ಹೇಳುತ್ತೇನೆ,
ಮೃಣ್ಮಯಿಯ ಸೀರೆ. ಫಾಲ್ ಹಚ್ಚಲು ಬಂದದ್ದು.
ಈರುಳ್ಳಿ ಸಿಪ್ಪೆಯ ಬಣ್ಣದ ರೇಷ್ಮೆ, ಇನ್ನೂ ಯಾರೂ ಉಡದ್ದು.
ಕಲೆಯಾದೀತೆಂದು ಪೌಡರು ಕೂಡ ಹಾಕಲಿಲ್ಲ.
ಎದೆಗೆ ಒಂದು ಸುತ್ತು, ಉಳಿದದ್ದು ನೆಲಕ್ಕೆ.

ಒಂಬತ್ತನೆಯದು ಬೆನ್ನು.
ರೇಷ್ಮೆ ಸೊಂಟಕ್ಕಿಳಿದಿತ್ತು. ಬೆನ್ನಹುರಿಯುದ್ದಕ್ಕೂ ಬೆಳಕು
ಕತ್ತರಿಸುವ ಮುಂಚೆ ಎಳೆದ ಸೀಮೆಸುಣ್ಣದ ಗೆರೆ.
ನನ್ನ ಕಣ್ಣು ಅಭ್ಯಾಸಬಲ, ಬಟ್ಟೆ ನೋಡುವಂತೆ ನೋಡಿತು:
ಇಲ್ಲಿ ಅರ್ಧ ಇಂಚು ಹಿಡಿಯಬಹುದು, ಇಲ್ಲೊಂದು ಡಾರ್ಟ್.
ಥೂ, ಸುಮ್ಮನಿರು ಅಂದೆ.

ಆಗ ಕಂಡಿತು ಮಚ್ಚೆ.
ಎಡ ಹೆಗಲಮೂಳೆಯ ಕೆಳಗೆ,
ಸಾಸಿವೆಗಿಂತ ದೊಡ್ಡದು, ಕರಿಮೆಣಸಿಗಿಂತ ಸಣ್ಣದು.
ಐವತ್ತೊಂದು ವರ್ಷ ನನ್ನ ಹಿಂದೆಯೇ ನಡೆದು
ಒಮ್ಮೆಯೂ ಕರೆದಿರಲಿಲ್ಲ.
ಎಣ್ಣೆ ಹಚ್ಚಿ ಮೀಯಿಸಿದ ಅಮ್ಮನಿಗೆ ಗೊತ್ತಿತ್ತೇನೋ.
ಇಪ್ಪತ್ತಾರು ವರ್ಷದಲ್ಲಿ ಇವರಂತೂ ಹೇಳಲಿಲ್ಲ.
ನೋಡಿರಲಿಕ್ಕಿಲ್ಲ. ಅಥವಾ ನೋಡಿ,
ನನಗೆ ಗೊತ್ತೇ ಇರುತ್ತದೆಂದುಕೊಂಡರೋ.

ಬಿಸಿಲು ಎದ್ದಿತು.
ಎಂಟನ್ನು ಅಳಿಸಿದೆ. ಒಂದನ್ನು
‘ಫಾಲ್ ಬೀಡಿಂಗ್’ ಎಂಬ ಫೋಲ್ಡರಿನಲ್ಲಿಟ್ಟೆ,
ಆ ಹೆಸರಿನ ಬಾಗಿಲನ್ನು ಈ ಮನೆಯಲ್ಲಿ ಯಾರೂ ತಟ್ಟುವುದಿಲ್ಲ.
ಸೀರೆಯನ್ನು ಅದರದೇ ಮಡಿಕೆಗಳಲ್ಲಿ ಮಡಿಸಿ,
ಲಕ್ಷ್ಮಿಯನ್ನು ಈಚೆಗೆ ತಿರುಗಿಸಿ, ಅನ್ನಕ್ಕಿಟ್ಟೆ.

ರಾತ್ರಿ ಒಂದಕ್ಕೆ ಇವರು ಬಂದರು,
ಫೋರ್ಟಿನ ಹೋಟೆಲಿನ ಕೌಂಟರಿನಿಂದ,
ಅಂಗಿಯಲ್ಲಿ ಸಾಂಬಾರಿನ ಘಮ, ಕಿಸೆಯಲ್ಲಿ ಚಿಲ್ಲರೆ.
‘ಏನು ಮಾಡಿದೆ ಇವತ್ತು?’
‘ಒಂದು ಫಾಲ್ ಇತ್ತು.’

ಗೋಡೆಯ ಕಡೆ ಹೊರಳಿ ಮಲಗಿದೆ, ಬೆನ್ನು ಅವರಿಗೆ.
ಸ್ವಿಚ್ಚಿಗೆ ಕೈ ಹೋದ ಸದ್ದು.
‘ಲೈಟು,’ ಅಂದೆ,
‘ತುಸು ಹೊತ್ತು ಇರಲಿ.’