ಬೀಳಲು ಬರುತ್ತಾ

ಮಾದಾಪುರದ ಕಣದಲ್ಲಿ ಪಾರ್ಚ್‌ಮೆಂಟ್ ಕಾಫಿ ಹರಡಿತ್ತು,
ಜನವರಿಯ ಎಳೆಬಿಸಿಲಿಗೆ.
ಹವಾಲ್ದಾರ್ ಪಳಂಗಪ್ಪ ಮಾವ
ಕುರ್ಚಿಯಲ್ಲಿ ಕೂತೇ ಗೋರೆ ಹಿಡಿದು
ಎಟುಕಿದಷ್ಟು ಕಾಳು ಕೆದಕುತ್ತಿದ್ದರು.

ನಾನು ಪಟ್ಟಿ ಬಿಚ್ಚಿದೆ:
ಗುಲ್ಮಾರ್ಗ್, ಔಲಿ, ಸೋಲಂಗ್, ನಾರ್ಕಂಡ.
ಇಪ್ಪತ್ತೆರಡು ವರ್ಷ ಸುಂಟಿಕೊಪ್ಪದ ಮಕ್ಕಳಿಗೆ ಸೀಟಿ ಊದಿದೆ,
ಒಂದು ಸಲ ನನ್ನ ಕಾಲಿಗೇ ಊದಿಕೊಳ್ಳಬೇಕು ಮಾವ,
ಹಿಮದ ಮೇಲೆ. ಎಲ್ಲಿಗೆ ಹೋಗಲಿ?

ಅವರು ಹೆಸರು ನೋಡಲಿಲ್ಲ. ಮಂಡಿ ನೋಡಿದರು.
'ಎಡದ್ದಾ, ಬಲದ್ದಾ?'
'ಎಡದ್ದು. ಹಾಕಿ. ತೊಂಬತ್ತೆಂಟು.'
'ಬೀಳಲು ಬರುತ್ತಾ?'
'ಗೋಲಿ ಮಾವ ನಾನು. ಬೀಳೋದೇ ಕೆಲಸ.'
'ಅದು ಚೆಂಡಿನ ಕಡೆ ಬೀಳೋದು.
ಇದು ಬೆಟ್ಟದ ಕಡೆ ಬೀಳೋದು. ಬೇರೆ.'

ಚಪ್ಪಲಿ ಬಿಡಿಸಿ, ಸಾಕ್ಸು ಹಾಕಿಸಿ,
ಗೋರೆಯ ತುದಿಯಿಂದಲೇ ದಾರಿ ತೋರಿ ನಿಲ್ಲಿಸಿದರು
ಕಣ ವಾಲಿದ ಮೂಲೆಯಲ್ಲಿ, ಕಾಳಿನ ಮೇಲೆ.
'ಬೆರಳು ಒಳಕ್ಕೆ, ಹಿಮ್ಮಡಿ ಹೊರಕ್ಕೆ,
ತಿರುಗಿಸಿ ಹಿಡಿದ ಮೊರದ ಹಾಗೆ.
ನಿಲ್ಲಲು ಬಾರದವರಿಗೆ ಯಾವ ಬೆಟ್ಟವೂ ಬೇಡ.'
ಜಾರಿದೆ. ಎರಡು ಮಾರು. ನಿಂತೆ.
ಮೂರನೆಯ ಸಲ ನಿಲ್ಲಲಿಲ್ಲ.
ಕಾಳು ಆರಿಸುತ್ತಿದ್ದ ಸೆಲ್ವಿ ಮುಖ ತಿರುಗಿಸಿ ನಕ್ಕಳು,
ಆಮೇಲೆ ತಿರುಗಿಸದೆಯೂ ನಕ್ಕಳು.

'ಗುಲ್ಮಾರ್ಗ್,' ಅಂದೆ, ಹೊಟ್ಟು ಕೊಡವುತ್ತಾ.
ಅವರ ನಡುಮನೆಯ ಫೋಟೋ ನನಗೆ ಬಾಯಿಪಾಠ:
ಸೊಂಟಮಟ್ಟ ಹಿಮ, ಬಿಳಿ ಕೋಟು,
ಇಪ್ಪತ್ತನಾಲ್ಕರ ಹಲ್ಲು.

'ಆ ಫೋಟೋ ನೋಡಿ ಜಾಗ ಆರಿಸಬೇಡ.
ಅದರಲ್ಲಿರೋದು ನನ್ನ ಮಂಡಿ.
ಗೊಂಡೋಲ ಹತ್ತಿಸುತ್ತೆ, ಇಳಿಸೋದು ನಿನ್ನ ಕಾಲು.
ಕೆಳಗೆ ಬಟ್ಟಲಿನಂಥ ಬಯಲಿದೆ, ಕಲಿಯುವವರಿಗೆ ಸಾಕು,
ಆದರೆ ನಿನ್ನ ಕಣ್ಣು ಮೇಲೇ ಇರುತ್ತೆ,
ನಿನ್ನ ಬುದ್ಧಿ ನನಗೆ ಗೊತ್ತಿಲ್ಲವಾ.
ಸೋಲಂಗ್‌ನಲ್ಲಿ ಜಾರೋರಿಗಿಂತ ಟ್ಯೂಬಲ್ಲಿ ಉರುಳೋರು ಜಾಸ್ತಿ,
ರಾಜಾಸೀಟಿನ ಭಾನುವಾರ.
ಔಲಿ ಉದ್ದ, ಹದ. ಎರಡನೇ ವರ್ಷಕ್ಕೆ ಇಟ್ಟುಕೋ.
ನಾರ್ಕಂಡ ಸಣ್ಣದು.
ಹೋಗಿಬಂದೆ ಅಂದರೆ ಯಾರೂ ಹುಬ್ಬೇರಿಸಲ್ಲ.
ಅದಕ್ಕೇ ಹೇಳಿದ್ದು.'

ಸಿಟ್ಟು ಬಂತು. ಗೊತ್ತಾಯಿತು ಅವರಿಗೆ.
'ಎಂತ, ನಿನಗೆ ಜಾರಬೇಕೋ,
ಜಾರಿದೆ ಅಂತ ಹೇಳಬೇಕೋ?'

ನಾನು ಮಾತಾಡಲಿಲ್ಲ.
ಸ್ಟಾಫ್ ರೂಮಿನ ಗಣಿತದ ಮೇಷ್ಟ್ರು,
ಸ್ವಿಟ್ಜರ್‌ಲ್ಯಾಂಡಿನ ಚಿತ್ರ ಹಾಕುವ ಅತ್ತಿಗೆ,
ಎಲ್ಲರೂ ನನ್ನ ಪಟ್ಟಿಯ ಹಿಂದೆ ಸಾಲಾಗಿ ನಿಂತಿದ್ದರು.

ಬೆಲ್ಲದ ಕಾಫಿ ಬಂತು.
ಮಾವ ಲೋಟದೊಳಗೇ ನೋಡುತ್ತಾ
'ನಾರ್ಕಂಡದಲ್ಲಿ' ಅಂದರು,
'ಇಳಿಜಾರಿನ ಬುಡದಲ್ಲಿ ಬೆಂಚು ಇದೆಯಾ ಈಗ?
ಕೂತು ನೋಡೋರಿಗೆ?
ನಾವಿದ್ದಾಗ ಯಾರೂ ಅದನ್ನು ಕೇಳ್ತಿರಲಿಲ್ಲ.'

ಆಗ ಗಮನಿಸಿದೆ,
ಬೆಳಗಿಂದ ಅವರು ಕುರ್ಚಿ ಬಿಟ್ಟೇ ಇರಲಿಲ್ಲ.

ಕೊಯ್ಲು ಮುಗಿಯಲಿ ಮಾವ, ಅಂದೆ.
'ಹಿಮ ಕೊಯ್ಲಿಗೆ ಕಾಯಲ್ಲ' ಅಂದರು.

ಪಟ್ಟಿ ಮಗುಚಿ ಹಿಂಬದಿಗೆ ಬರೆದುಕೊಂಡೆ:
ಬೆಂಚು. ಅದಕ್ಕೆ ಬಿಸಿಲು ಎಷ್ಟು ಹೊತ್ತಿಗೆ.
ಚಹಾ ಎಷ್ಟು ದೂರ. ಶೌಚಾಲಯಕ್ಕೆ ಎಷ್ಟು ಮೆಟ್ಟಿಲು.
ಎರಡು ಟಿಕೆಟು,
ಬೀಳಲು ಒಂದು.

ಕಣದಲ್ಲಿ ನನ್ನ ಗೆರೆಗಳು ಇನ್ನೂ ಇದ್ದವು,
ತುದಿಯಲ್ಲಿ ಸೊಟ್ಟ.
ಗೋರೆ ಎಳೆದುಕೊಂಡು ಬಂದ ಸೆಲ್ವಿ
ಅಳಿಸುವ ಮೊದಲು ಒಂದು ಗಳಿಗೆ ನಿಂತು,
'ಇನ್ನೊಂದ್ಸಲ ಮೇಡಂ,' ಅಂದಳು.